ಬನ್ಸ್ ವ್ಯಾನಿನ ಅಡಿಯ ಬೆಕ್ಕುಗಳು

ನಾನು ವಾದದಲ್ಲಿ ಸೋತದ್ದು ಒಮ್ಮೆ ಮಾತ್ರ, ಅದೂ ಬನ್ಸ್ ಮಾರುವ ವಾಸಣ್ಣನೆದುರು ಎಂದು ಗೆಳೆಯರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಎಪ್ಪತ್ತರ ದಶಕದ ಒಂದು ಸೋಮವಾರ. ಮಂಗಳೂರಿನ ನಮ್ಮ ಕಾಲೇಜಿನ ಗೇಟಿನೆದುರು, ‘ಶುದ್ಧ ಸಸ್ಯಾಹಾರಿ’ ಬೋರ್ಡಿನ ಅವನ ಹಳೆಯ ವ್ಯಾನಿನಡಿ ಮೂರು ಬೆಕ್ಕುಗಳು ಕಾದು ಕುಳಿತಿದ್ದವು. ಡಿಬೇಟುಗಳಲ್ಲಿ ಗೆದ್ದ ಹುರುಪಿನಲ್ಲಿ ನಾನು, ಬನ್ಸಿಗಾಗಿ ಸಾಲುಗಟ್ಟಿದವರಿಗೆಲ್ಲ ಕೇಳುವಂತೆ ಹೇಳಿದೆ:

“ಬೋರ್ಡು ಸುಳ್ಳು ಹೇಳಬಹುದು, ಬೆಕ್ಕು ಹೇಳುವುದಿಲ್ಲ. ಇದು ಮೀನಿನ ಗಾಡಿ!”

ಈರುಳ್ಳಿಯನ್ನೂ ಮುಟ್ಟದ ಗೆಳೆಯ ಸುಬ್ರಾಯ, ಕಚ್ಚಿದ ಬನ್ಸನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತ. ಹಿಂದಿದ್ದ ಇಬ್ಬರು ಮೆಲ್ಲನೆ ಹೊರಟೇಬಿಟ್ಟರು. ವಾಸಣ್ಣನ ಅಂದಿನ ವ್ಯಾಪಾರ ಮುಗಿಯಿತೆಂದುಕೊಂಡೆ. ಅವನೋ ಬಾಣಲೆಯಿಂದ ಕಣ್ಣೆತ್ತಲಿಲ್ಲ.

“ಹೌದು ಮಾರಾಯ, ಮೊದಲು ಬಂದರಿನಿಂದ ಮೀನು ತರ್ತಿದ್ದ ಗಾಡಿಯೇ ಇದು. ಸೋಮವಾರ ಮೀನು ಬಿಟ್ಟು ನನ್ನ ಬನ್ಸಿಗೆ ಬರುವವ ನೀನು. ನಿನ್ನೆ ಬೂತಾಯಿ ಮೀನು ತಿಂದ ಬಾಯಿ ತೊಳೆದರೆ ಶುದ್ಧ ಆಗ್ತದೆ, ಗಾಡಿ ತೊಳೆದರೆ ಆಗುದಿಲ್ವಾ?”

ಸಾಲು ಗೊಳ್ಳೆಂದು ನಕ್ಕಿತು. ಹೊರಟವರಿಬ್ಬರೂ ತಿರುಗಿ ಬಂದರು. ಸುಬ್ರಾಯ ನುಂಗಿದ್ದಷ್ಟೇ ಅಲ್ಲ, ಇನ್ನೊಂದು ಕೇಳಿದ. ನಾನು ಎರಡು ತಿಂದೆ.

ಅಂದಿನಿಂದ ಇನ್ನೊಬ್ಬರ ಬೋರ್ಡು ಪ್ರಶ್ನಿಸುವ ಮೊದಲು ನನ್ನ ಬಾಯಿಯನ್ನೊಮ್ಮೆ ನೆನೆಯುತ್ತೇನೆ. ಆದರೂ ವಾಸಣ್ಣ, ಗಾಡಿಯನ್ನು ಅಷ್ಟು ಚೆನ್ನಾಗಿ ತೊಳೆದಿದ್ದರೆ ಆ ಬೆಕ್ಕುಗಳು ದಿನಾ ಎಂತಕ್ಕೆ ಬರ್ತಿದ್ದವು?