ಷಡ್ಡಕನ ಮನೆಯ ಕೆಂಪು ಹೂದಾನಿ

ಯಳಂದೂರಿನ ಆ ಮನೆಯಲ್ಲಿ ಕರೆಂಟ್ ದೀಪವಿತ್ತು. ಕೊಳ್ಳೇಗಾಲದ ನಮ್ಮ ಬೀದಿಗೆ ಇನ್ನೂ ಕಂಬ ಬಂದಿರಲಿಲ್ಲ. ಎರಡೂ ಊರುಗಳ ನಡುವೆ ಇರುವುದು ಬಸ್ಸಿನಲ್ಲಿ ಎರಡು ತೂಕಡಿಕೆಯಷ್ಟು ದೂರ. ಆದರೆ ಆಗ ಅವರು ಮೈಸೂರು ಸೀಮೆಯವರು, ನಾವು ಮದ್ರಾಸಿಗೆ ಸೇರಿದವರು. ಹೀಗಾಗಿ ಅವರ ನಡುಮನೆಯಲ್ಲಿ ಗುಂಡಿ ಒತ್ತಿದರೆ ಬೆಳಕು, ನಮ್ಮಲ್ಲಿ ಬತ್ತಿ ಏರಿಸಿದರೆ ಹೊಗೆ. ಇದಕ್ಕೇ ಒಬ್ಬ ಮನುಷ್ಯನ ಹೊಟ್ಟೆ ಉರಿಯಬಹುದು. ನನ್ನ ಹೊಟ್ಟೆ ಉರಿದದ್ದು ದೀಪಕ್ಕಲ್ಲ, ಆ ದೀಪ ಬೀಳುತ್ತಿದ್ದ ಗೂಡಿಗೆ. ಗೂಡಿನಲ್ಲಿ ಒಂದು ಕೆಂಪು ಗಾಜಿನ ಹೂದಾನಿ ಇತ್ತು. ಅದು ನನ್ನದಾಗಬೇಕಿತ್ತು.

ಮನೆ ನನ್ನ ಷಡ್ಡಕನದು, ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡನದು. ಬೆಲ್ಲದ ಮಂಡಿ ಇಟ್ಟಿದ್ದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಆದರೆ ಅಕ್ಕನನ್ನು ಕಟ್ಟಿಕೊಂಡಿದ್ದರಿಂದ ನಂಟಸ್ತಿಕೆಯಲ್ಲಿ ದೊಡ್ಡವನು. ನನ್ನ ತಲೆಯಲ್ಲಿ ಆಗಲೇ ನರೆ ಇಣುಕುತ್ತಿದ್ದರೂ ಮಾವನ ಮನೆಯ ಪಂಕ್ತಿಯಲ್ಲಿ ಮೊದಲ ಎಲೆ ಅವನಿಗೆ, ಎರಡನೆಯದು ನನಗೆ. ಅವನೇನೂ ಕೆಟ್ಟವನಲ್ಲ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ ಎಂದು ಪಟ್ಟವರಿಗೇ ಗೊತ್ತು.

ಗಾಜಿನ ಹುಚ್ಚು ನಮ್ಮಿಬ್ಬರಿಗೂ ಒಂದೇ ದಿನ ಹಿಡಿಯಿತು. ನಮ್ಮ ಮಾವ ಹನೂರಿನವರು. ಬೆಟ್ಟದ ಮೇಲಿನ ದೊರೆಯೊಬ್ಬರ ಕಾಫಿ ತೋಟಕ್ಕೆ ರಾಗಿ, ಹುರುಳಿ ಗಾಡಿಯಲ್ಲಿ ಹೊಡೆಸುತ್ತಿದ್ದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ದೊರೆ ಗಂಟುಮೂಟೆ ಕಟ್ಟಿದರು. ಸಾಮಾನು ಇಳಿಸಲು ಮಾವನ ಗಾಡಿಗಳು ಹೋದವು, ಗಾಡಿಯ ಹಿಂದೆ ಇಬ್ಬರು ಅಳಿಯಂದಿರೂ ಬೆಟ್ಟ ನೋಡುವ ನೆಪದಲ್ಲಿ ಹೋದೆವು. ಬಂಗಲೆಯ ಕಿಟಕಿಯ ಕಟ್ಟೆಯ ಮೇಲೆ ದೊರೆಸಾನಿಯ ಹೂದಾನಿಗಳು ಸಾಲಾಗಿ ನಿಂತಿದ್ದವು. ಬಿಸಿಲು ಅವುಗಳೊಳಗಿಂದ ಹಾದು ನೆಲದ ಮೇಲೆ ಬಣ್ಣ ಚೆಲ್ಲಿತ್ತು. ನಾನು ರೇಷ್ಮೆ ಸೀರೆಯ ವ್ಯಾಪಾರದಲ್ಲಿ ಬೆಳೆದವನು, ಬಣ್ಣ ನನಗೆ ಹೊಸದಲ್ಲ. ಆದರೆ ಸೀರೆಯ ಬಣ್ಣ ಬಟ್ಟೆಯ ಮೇಲೆ ಕೂತಿರುತ್ತದೆ. ಇಲ್ಲಿ ಬಣ್ಣ ಗಾಳಿಯಲ್ಲಿ ಹಾಗೇ ಹೆಪ್ಪುಗಟ್ಟಿದಂತಿತ್ತು.

ಒಂದೊಂದನ್ನೂ ತಲೆಕೆಳಗು ಮಾಡಿ ದೊರೆಸಾನಿ ಏನೋ ಹೇಳಿದಳು. ತೋಟದ ಬಟ್ಲರು ತಮಿಳು ಬೆರೆಸಿ ನಮಗೆ ಬಿಡಿಸಿದ: "ಇಟ್ಲಿ ದೇಶದ್ದು ಸಾಮಿ. ಅಚ್ಚಲ್ಲ. ಕೊಳವೆ ಇಟ್ಟು ಬಾಯಲ್ಲಿ ಊದಿ ಊದಿ ಪಣ್ಣಿದ್ದು. ಅಡೀಲಿ ತೊಪ್ಪುಳ್ ಅದೆ, ಪಾರು."

ನೋಡಿದೆವು. ತಳದ ನಟ್ಟನಡುವೆ ಎಳೆಮಗುವಿನ ಹೊಕ್ಕುಳಿನಂತೆ ಒಂದು ಒರಟು ಗುರುತು. ಬಿಸಿ ಗಾಜನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯಿಂದ ಮುರಿದು ಬಿಡಿಸಿದ ಜಾಗವಂತೆ. ಅವತ್ತಿನಿಂದ ನಮ್ಮಿಬ್ಬರಿಗೂ ಗಾಜು ಕಂಡರೆ ಮೊದಲು ಬುಡ ನೋಡುವ ಚಟ ಬಿತ್ತು. ನಾನು ಗಿಳಿಹಸಿರಿನದೊಂದು, ಹೊಗೆಬಣ್ಣದ್ದೊಂದು ಕೊಂಡೆ. ಅವನು ಜೇನಿನ ಬಣ್ಣದವು ಕೊಂಡ. ಎಲ್ಲಕ್ಕಿಂತ ದೊಡ್ಡದನ್ನು ದೊರೆಸಾನಿ ಯಾರಿಗೂ ಮಾರಲಿಲ್ಲ. ಅಷ್ಟು ವರ್ಷ ಕಾಳು ಒದಗಿಸಿದ್ದಕ್ಕೆಂದು ಮಾವನ ಕೈಗೇ ಇಟ್ಟಳು. ಪಕ್ವವಾದ ದಾಳಿಂಬೆಯ ಕೆಂಪು, ಒಳಗೆ ಬಿಳಿಯ ಎಳೆಗಳು ಸುರುಳಿ ಸುರುಳಿಯಾಗಿ ಮೇಲೆದ್ದು ಬಾಯಿಯ ಹತ್ತಿರ ಬಂಗಾರದ ಪುಡಿಯಲ್ಲಿ ಕರಗುತ್ತಿದ್ದವು. ಗಾಜಿನ ಒಳಗೇ ಜರಿ ನೇಯ್ದಿದ್ದರು ಪುಣ್ಯಾತ್ಮರು. ಗಾಡಿ ಇಳಿಯುವಾಗ ದಾರಿಯುದ್ದಕ್ಕೂ ನಾನು ಅದನ್ನು ನೋಡಿದೆ. ಷಡ್ಡಕ ಅದನ್ನು ನೋಡುವ ನನ್ನನ್ನು ನೋಡಿದ.

ಮಾವ ಅದನ್ನು ಜಗುಲಿಯ ಗೂಡಿನಲ್ಲಿಟ್ಟರು. "ಎಂಡ ಕುಡ್ಯೋರ ಮನೇದು, ಒಳಕ್ ತಂದ್ರೆ ನೋಡಿ" ಎಂದು ಅತ್ತೆ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ನಮ್ಮ ಮನೆಯಲ್ಲೂ ಇದೇ ಪದ್ಧತಿ. ಲಿಂಗಪೂಜೆಯ ಮನೆಗೆ ಬಿಳಿಯರ ಪಾತ್ರೆ ಬರಬೇಕಾದರೆ ಹಿತ್ತಲಲ್ಲಿ ಬೂದಿ ಹಾಕಿ ತಿಕ್ಕಿ, ಕುದಿಯುವ ನೀರು ಹುಯ್ದು, ವಿಭೂತಿ ಹಚ್ಚಿದ ಮೇಲೇ ಒಳಗೆ. ನಮ್ಮವ್ವ ಬಾಗಿಲಲ್ಲೇ ನಿಂತು ಸೊಸೆಗೆ ಹೇಳುತ್ತಿದ್ದಳು: "ಬಿಸ್ನೀರಲ್ ತೊಳ್ದು ತತ್ತಾ." ನನ್ನ ಹೆಂಡತಿ "ಊಂ ಅತ್ತೆ" ಎಂದು ಹಿತ್ತಲಿಗೆ ಒಯ್ಯುತ್ತಿದ್ದಳು. ನಾನು ಅತ್ತ ತಲೆ ಹಾಕಿದವನಲ್ಲ.

ಆಮೇಲೆ ನಾವಿಬ್ಬರೂ ಬೇಟೆಗೆ ಬಿದ್ದೆವು. ಸೀರೆ ಹೊತ್ತು ಊಟಿಗೆ ಹೋದರೆ, ಅಲ್ಲಿ ಊರು ಬಿಡುತ್ತಿದ್ದ ದೊರೆಗಳ ಮನೆಯ ಹಳೇ ಸಾಮಾನಿನಲ್ಲಿ ಕೈಯಾಡಿಸಿಯೇ ಬರುತ್ತಿದ್ದೆ. ಅವನು ಬೆಲ್ಲದ ಲೆಕ್ಕದ ನೆಪದಲ್ಲಿ ಮೈಸೂರು ಸುತ್ತುತ್ತಿದ್ದ. ಒಮ್ಮೆ ನಾನು ಮೈಸೂರಿನಿಂದ ನೀಲಿಯದೊಂದನ್ನು ಹುಲ್ಲಿನಲ್ಲಿ ಸುತ್ತಿ ತರುವಾಗ ಗಡಿಯ ಚೌಕಿಯಲ್ಲಿ ಬಸ್ಸು ನಿಂತಿತು. ನಮ್ಮ ಕಡೆ ಆಗ ಪಾನನಿಷೇಧ. ಪೇದೆ ಗಂಟು ಬಿಚ್ಚಿ, ಹೂದಾನಿಯೊಳಗೆ ಮೂಗು ತೂರಿಸಿದ.

"ಏನ್ ಸಾ, ಬುಡ್ಡಿ ಇಷ್ಟ್ ದೊಡ್ಡದು? ಮಾಲೆಲ್ಲಿ?"

"ಹೂ ಇಡೋದು ಕಣಪ್ಪ. ಇಟಲಿದು."

"ಊವ ಇಡಾಕೆ ಇಟ್ಲಿಯಿಂದ ತರ್ಬೇಕಾ? ನಮ್ಮೂರ್ ಕುಂಬಾರ ಸತ್ತೋಗವ್ನಾ?"

ಬಸ್ಸೆಲ್ಲ ನಕ್ಕಿತು. ನನಗೆ ನಗೆ ಬರಲಿಲ್ಲ. ಆ ನೀಲಿಯನ್ನು ಮಡಿಲಲ್ಲಿಟ್ಟುಕೊಂಡೂ ನಾನು ಯೋಚಿಸುತ್ತಿದ್ದದ್ದು ಹನೂರಿನ ಕೆಂಪನ್ನೇ.

ಆ ವರ್ಷದ ದೀಪಾವಳಿಗೆ ಮಾವ ಇಬ್ಬರನ್ನೂ ಕರೆದರು. ಎಣ್ಣೆನೀರು ಮುಗಿಯಿತು, ಪಂಚೆ ಉಡಿಸಿದ್ದಾಯಿತು, ಹೋಳಿಗೆ ಬಡಿಸಿದ್ದಾಯಿತು. ಮಾವ ಎಲೆಯಡಿಕೆ ಮಡಿಸುತ್ತ ಕೆಮ್ಮಿದರು.

"ನೋಡ್ರಪ್ಪ ಅಳಿದೇವ್ರುಗಳಾ, ಆ ಗಾಜಿನ್ ಬುರುಡೇನ ಇಬ್ರೂ ತಿಂದಾಕೋ ಅಂಗೆ ನೋಡ್ತೀರಿ. ದನ ಕಟ್ಟೋ ಜಗ್ಲಿಲಿ ಇದ್ರೆ ಒಂದಿನ ಕರ ಒದ್ದುಬುಡ್ತದೆ. ಯಾರಾರೂ ಒಬ್ರು ತಕ್ಕಂಡ್ ಓಗಿ."

ಎಳೆಗಳ ಸುರುಳಿ ಎಡಕ್ಕೋ ಬಲಕ್ಕೋ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಅದನ್ನು ಬಲ್ಲವನು ನಾನು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗಿಂದಲೇ ತೀರ್ಪು ಕೊಟ್ಟರು: "ದೊಡ್ಡಳಿಯ ಇರೋವಾಗ ಯಾರಾರೂ ಅಂದ್ರೇನು? ಮೊದ್ಲು ಅವ್ರ್ಗೇ."

ಅಷ್ಟೇ. ಮೊದಲ ಎಲೆಯ ಹಾಗೇ ಮೊದಲ ಹೂದಾನಿ. ಷಡ್ಡಕ ತಲೆ ತಗ್ಗಿಸಿ "ಬ್ಯಾಡಿ ಮಾವ, ಅವರೇ ತಕ್ಕಳ್ಳಿ" ಎಂದ, ಬೇಡ ಎನ್ನುವವನ ಕೈ ಆಗಲೇ ಹುಲ್ಲು ಹುಡುಕುತ್ತಿತ್ತು. ನಾನು "ಛೆ ಛೆ, ನಿಮಗೇ ಸೇರಬೇಕಾದ್ದು" ಎಂದೆ.

ಹಬ್ಬ ಕಳೆದ ಮೇಲೆ, ತಡೆಯಲಾರದೆ, ನೋಡಿಬರಲು ಯಳಂದೂರಿಗೆ ಹೋದೆ. ನಡುಮನೆಯ ಮೂಲೆಯ ಗೂಡಿನಲ್ಲಿ, ಕರೆಂಟಿನ ಬೆಳಕಿನಲ್ಲಿ, ಅದು ಉರಿಯುತ್ತಿತ್ತು. ಹನೂರಿನ ಜಗುಲಿಯಲ್ಲಿ ಇಷ್ಟು ಚೆಂದ ಇರಲಿಲ್ಲವಲ್ಲ ಎಂದು ಇನ್ನಷ್ಟು ಸಂಕಟವಾಯಿತು. ಒಳಗೆ ಕಾಗದದ ಹೂಗಳಿದ್ದವು.

"ಇದೇನಯ್ಯ, ಕಾಗದದ ಹೂವು? ಹಿತ್ತಲಲ್ಲಿ ಕಣಗಿಲೆ ಇಲ್ಲವೆ?"

"ಅದ್ಕೆ ನೀರ್ ಆಕ್ಬೇಕಾಯ್ತದಲ್ಲ ಷಡ್ಕ್ರೆ" ಎಂದ ಆತ ಗೂಡಿಗೆ ಅಡ್ಡ ನಿಂತು. "ಇಟ್ಲಿ ಗಾಜಿಗೆ ನೀರ್ ತಾಕಿಸ್ಬಾರ್ದು. ಬೆವರ್ತದೆ. ಬಣ್ಣ ಕೆಡ್ತದೆ."

ನಾನು ಕೈ ಚಾಚಿದೆ. ನಯವಾಗಿ ಕೈ ಹಿಡಿದುಕೊಂಡ. "ಕೈ ಬಿಸೀನೂ ತಾಕಿಸ್ಬಾರ್ದು. ಇಟ್ಟ ದಿಕ್ಕನ್ನೂ ಬದಲಾಯಿಸ್ಬಾರ್ದು, ಒಂದೇ ಮಗ್ಗುಲಿಗೆ ಬೆಳಕು ಬೀಳ್ಬೇಕು."

ಇವನಿಗೆ ಇದೆಲ್ಲ ಎಲ್ಲಿಂದ ತಿಳಿಯಿತು? ಮೈಸೂರಿನಲ್ಲಿ ಯಾವ ದೊಡ್ಡವರ ಸ್ನೇಹ ಬೆಳೆಸಿದ್ದಾನೆ? ವಸ್ತುವೂ ಅವನದು, ವಿದ್ಯೆಯೂ ಅವನದು. ಬಸ್ಸಿನಲ್ಲಿ ಕೂತಾಗ ಉರಿ ಎರಡು ಪಟ್ಟಾಗಿತ್ತು. ಮನೆಗೆ ಬಂದವನೇ ನನ್ನ ಹೂದಾನಿಗಳ ನೀರು ಚೆಲ್ಲಿದೆ, ಸೇವಂತಿಗೆಯನ್ನು ಎಮ್ಮೆಗೆ ಹಾಕಿದೆ, ಬಣ್ಣದ ಕಾಗದ ತರಿಸಿದೆ. ಪ್ರತಿಯೊಂದನ್ನೂ ಒಂದೇ ಮಗ್ಗುಲಿಗೆ ತಿರುಗಿಸಿ ಮೂಲೆಗೆ ಸರಿಸಿದೆ. ಸೀರೆ ನೋಡಲು ಬಂದವರು ಮುಟ್ಟಹೋದರೆ, "ಕೈ ಬಿಸಿ ತಾಗಿಸಬೇಡಿ, ಇಟಲಿ ಗಾಜು, ಬೆವರುತ್ತದೆ" ಎನ್ನುತ್ತಿದ್ದೆ. ಹಾಗನ್ನುವಾಗ ನನ್ನ ದನಿ ಥೇಟ್ ಅವನ ದನಿಯಂತೆಯೇ ಕೇಳುತ್ತಿತ್ತು. ಹೆಂಡತಿ ಒಂದು ದಿನ ಹೇಳಿಯೇಬಿಟ್ಟಳು: "ಅಲ್ಲ ಕಣ್ರಿ, ಇಷ್ಟ್ ದಿನ ನೀರ್ ಆಕಿದ್ವಲ್ಲ, ಒಂದ್ ಸಲಾನೂ ಬೆವರ್ನಿಲ್ವಲ್ಲ?"

"ನಿನಗೇನು ಗೊತ್ತು. ನಿಮ್ಮ ಭಾವನನ್ನು ಕೇಳು."

ವರ್ಷಗಳು ಹೀಗೇ ಹೋದವು. ಕಾಗದದ ಹೂವಿನ ಮೇಲೆ ಧೂಳು ಕೂತಿತು, ನನ್ನ ಆಸೆಯ ಮೇಲೆ ಕೂರಲಿಲ್ಲ.

ಷಡ್ಡಕನಿಗೆ ಹೆಣ್ಣುಮಗು ಆಯಿತು. ತೊಟ್ಟಿಲಿಗೆ ಹಾಕುವ ದಿನ ನಾವೆಲ್ಲ ಯಳಂದೂರಿನಲ್ಲಿ ಸೇರಿದೆವು. ಮಾವ ಹನೂರಿನಿಂದ ಬರುವಾಗ ಹೊನ್ನೂರಿನ ನೆಂಟರ ಮನೆಗೆ ಸುತ್ತಿಕೊಂಡು ಬಂದಿದ್ದರು, ಕೈಯಲ್ಲಿ ಕೆರೆಯ ಕೆಂದಾವರೆ. ನೇರ ಗೂಡಿಗೆ ನಡೆದರು.

"ಇದೇನ್ಲಾ, ಕಾಗ್ದ! ನನ್ ಮೊಮ್ಮಗ್ಳು ತೊಟ್ಲಿಗೆ ಬೀಳೋ ದಿನ ಕಾಗ್ದದ್ ಊವ ನೋಡ್ಬೇಕಾ? ಒಂದ್ ಚೊಂಬ್ ನೀರ್ ತನ್ನಿ."

"ಮಾವ, ಬ್ಯಾಡಿ. ನೀರಾಕಿದ್ರೆ..." ಷಡ್ಡಕ ಓಡಿಬಂದ.

"ಸುಮ್ನಿರಯ್ಯ. ದೊರೆಸಾನಿ ದಿನಾ ಇದ್ರಲ್ಲೇ ಊವ ಮಡಗ್ತಿದ್ಲು, ನಾನೇ ಕಂಡಿವ್ನಿ."

ಮಾವನನ್ನು ತಡೆಯುವ ಅಳಿಯ ಇನ್ನೂ ಹುಟ್ಟಿರಲಿಲ್ಲ. ನೀರು ಹುಯ್ದರು, ತಾವರೆ ಇಟ್ಟರು, ಹಿಂದೆ ಸರಿದು ನಿಂತು ಮೀಸೆ ತಿರುವಿದರು. ಇಷ್ಟು ವರ್ಷ ಕಾಗದದ ಹೂವು ಹೊತ್ತು ಒಣಗಿ ನಿಂತಿದ್ದ ಕೆಂಪು ಈಗ ನೀರು ಕುಡಿದು ಇಡೀ ಗೂಡನ್ನು ತುಂಬಿತು. ನನಗೆ ಅಳು ಬರುವಷ್ಟು ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಗೂಡಿನ ಅಂಚಿನಿಂದ ಒಂದು ಹನಿ ಬಿತ್ತು. ಇನ್ನೊಂದು. ಆಮೇಲೆ ಗೋಡೆಯ ಮೇಲೆ ಸುಣ್ಣವನ್ನು ತೋಯಿಸುತ್ತ ಒಂದು ಗೆರೆ ಸೀದಾ ಕೆಳಗಿಳಿಯಿತು.

ನನ್ನ ಹೆಂಡತಿ ಕೆನ್ನೆ ಒಳಗೆಳೆದುಕೊಂಡು ನನ್ನತ್ತ ನೋಡಿದಳು. "ಬೆವರ್ತಾ ಅದೆ ನೋಡ್ರಿ."

ಮಾವ ಹೂದಾನಿಯನ್ನು ತಿರುಗಿಸಿದರು. ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ ಬಾಯಿಯಿಂದ ಹೊಟ್ಟೆಯವರೆಗೆ ಒಂದು ಸೀಳು. ಷಡ್ಡಕ ನೆಲ ನೋಡುತ್ತಿದ್ದ. ಮಾತಾಡಿದ್ದು ಅವನ ತಾಯಿ, ತೊಟ್ಟಿಲ ಹಗ್ಗ ಹಿಡಿದು ಕೂತಿದ್ದ ಮುದುಕಿ.

"ಯಾಕ್ ಅಂಗ್ ನೋಡ್ತೀರಿ? ನಾನೇ ಕುದಿಯೋ ನೀರ್ ಉಯ್ದೆ. ಅಬ್ಬದ್ ದಿನ, ಅಂಡೆ ಕೊತಕೊತ ಅನ್ನೋದು. ಎಂಡ ಕುಡ್ದ ಪಾತ್ರೆ, ಸುಮ್ನೆ ಒಳಕ್ ಬಿಟ್ಕಳಾಕಾಯ್ತದಾ? ಟಣ್ ಅಂತು. ಮೈಲ್ಗೆ ಓಯ್ತು."

ತಂದ ದಿನವೇ! ಹನೂರಿನಿಂದ ಬಂದ ದಿನವೇ ಅದು ಸೀಳಿತ್ತು. ಇಷ್ಟು ವರ್ಷ ನಾನು ಕರುಬಿದ್ದು ಒಡೆದ ಗಾಜಿಗೆ. ನೀರು ಹಾಕದಿದ್ದದ್ದು, ಮುಟ್ಟಗೊಡದಿದ್ದದ್ದು, ಒಂದೇ ಮಗ್ಗುಲಿಗೆ ಇಟ್ಟದ್ದು, ಯಾವುದೂ ವಿದ್ಯೆಯಲ್ಲ. ಬಿರುಕನ್ನು ಮುಚ್ಚುವ ಸಂಕಟ. ಅದೆಲ್ಲವನ್ನೂ ನಾನು ಚಾಚೂ ತಪ್ಪದೆ ಅನುಸರಿಸಿದ್ದೆ, ನನ್ನ ಗಟ್ಟಿಮುಟ್ಟಾದ ಹೂದಾನಿಗಳಿಗೆ.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಜನ ಊಟಕ್ಕೆ ಎದ್ದ ಮೇಲೆ ನಾನು ಗೂಡಿನ ಬಳಿ ನಿಂತೆ. ಸೀಳಿನುದ್ದಕ್ಕೂ ಬೆಳಕು ಹಿಡಿದು ಅದೂ ಒಂದು ಜರಿಯ ಎಳೆಯಂತೆ ಹೊಳೆಯುತ್ತಿತ್ತು. ಷಡ್ಡಕ ಪಕ್ಕದಲ್ಲಿ ಬಂದು ನಿಂತ.

"ಹೇಗೂ ಒಡೆದಿದೆಯಲ್ಲ, ನನಗೆ ಕೊಟ್ಟುಬಿಡಯ್ಯ" ಎಂದೆ. "ನನ್ನ ನೀಲಿ ತಗೋ. ಹಸಿರೂ ತಗೋ."

ಅವನು ಹೆಗಲವಸ್ತ್ರದಿಂದ ಹೂದಾನಿಯ ಮೈ ಒರೆಸಿದ. "ಸೀಳಿದ್ರೂ ನಂದೇ ಕಣ್ರಿ ಷಡ್ಕ್ರೆ."

ಬಸ್ಸಿನಲ್ಲಿ ಹೆಂಡತಿಯನ್ನು ಕೇಳಿದೆ. ನಮ್ಮ ಮನೆಗೆ ಬಂದವಕ್ಕೂ ಅವ್ವ ಬಿಸಿನೀರೇ ಹೇಳಿದ್ದಳಲ್ಲ, ಅವೇಕೆ ಸೀಳಲಿಲ್ಲ?

ಅವಳು ಕಿಟಕಿಯ ಆಚೆ ಕಬ್ಬಿನ ಗದ್ದೆ ನೋಡುತ್ತ ಹೇಳಿದಳು. "ನಿಮ್ಮವ್ವ ಬಾಕ್ಲಲ್ ನಿಂತಿರ್ತಿದ್ರು, ಬಾವಿ ಹಿತ್ಲಲ್ಲಿತ್ತು. ತಣ್ಣೀರ್ ಉಯ್ತಿದ್ದೆ. ಬಿಸಿ ಅನ್ನಕ್ಕೆ ಗಾಜಿನ್ ಬಟ್ಲು ಒಡ್ದಿದ್ದ ನಾನ್ ನೋಡಿದ್ದೆ. ನೀವ್ ಅವುನ್ನ ಎದೆಗವಚ್ಕಂಡ್ ಬರೋದೂ ನೋಡಿದ್ದೆ." ಆಮೇಲೆ ನನ್ನತ್ತ ತಿರುಗಿ, "ಅಕ್ಕನ್ ಮನೇಲಿ ಬಾವಿ ಮುಂದ್ಗಡೆ, ಅತ್ತೆ ಕಣ್ ಮುಂದೇನೇ. ಅವ್ಳೇನ್ ಮಾಡ್ತಾಳೆ ಪಾಪ" ಎಂದಳು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಕಾಗದವೆಲ್ಲ ಒಲೆಗೆ ಹೋಯಿತು. ಹೂದಾನಿಗಳನ್ನು ಮೂಲೆಯಿಂದ ಎಳೆದು ಕಿಟಕಿಗೆ ತಂದೆ, ನೀರು ತುಂಬಿದೆ, ಚೆಂಡುಹೂ ಇಟ್ಟೆ.

ಮುಂದಿನ ದೀಪಾವಳಿಗೆ ಹನೂರಿಗೆ ಹೋಗುವ ದಾರಿಯಲ್ಲಿ ಷಡ್ಡಕ ನಮ್ಮಲ್ಲಿ ಇಳಿದ. ಒಳಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಕಿಟಕಿಯ ಬಳಿ ನಿಂತುಬಿಟ್ಟ. ನೀಲಿ ಹೂದಾನಿಯ ನೀರಿನಲ್ಲಿ ಹೂವಿನ ಕಡ್ಡಿಗಳು ಬಾಗಿದಂತೆ ಕಾಣುತ್ತಿದ್ದವು, ಒಂದೊಂದರ ಮೈಮೇಲೂ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು.

"ನೀರ್ ನಿಲ್ತದಾ?" ಎಂದ.

"ನಿಲ್ತದೆ."

ಬೆರಳು ಅದ್ದಿ ನೋಡಿದ. ಕಿಟಕಿಯ ಕೆಳಗೆ ಗೋಡೆ ಸವರಿದ, ಒಣಗಿತ್ತು. ಹೆಂಡತಿ ಕಾಫಿ ತಂದಿಟ್ಟಳು. ಅದು ಆರಿ ಕೆನೆಗಟ್ಟಿದರೂ ಅವನು ಅತ್ತ ತಿರುಗಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು, ನನ್ನ ಮುಖದ ಮೇಲೆ ಎಷ್ಟೋ ಕಾಲ ಇದ್ದ ನೋಟ. ಕನಿಕರವೆನಿಸಿತು. ಅವನ ಗೂಡಿನ ಕೆಂಪು ನೆನಪಾಗುವವರೆಗೆ ಮಾತ್ರ. ನೆನಪಾದ ಕೂಡಲೇ ಎದ್ದು ಬಾವಿಯ ಕಡೆಯಿಂದ ಒಂದು ಚೊಂಬು ತಂದು, ಅವನು ನೋಡುತ್ತಿರುವಂತೆಯೇ, ನೀಲಿಯ ಕಂಠದವರೆಗೂ ನೀರು ತುಂಬಿದೆ.