ಮುಂದಿದ್ದವನ ಮುಖ

ಆ ಭಾನುವಾರವೂ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲು ಇಟ್ಟೆ. ಅದು ಉಕ್ಕುವ ಹೊತ್ತಿಗೆ ಮೇಲ್ಮನೆಯ ಮೆಟ್ಟಿಲಲ್ಲಿ ಸೈಕಲ್ ಇಳಿಸುವ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ನಮ್ಮ ಬಾಡಿಗೆದಾರರಾದ ಇಟಲಿಯವರು ದಿನವೂ ತಳಿ ಎಂಬ ಊರಿನ ದಾರಿ ಹಿಡಿದು, ಜವಳಗಿರಿಯ ಕಾಡಿನ ಅಂಚಿನವರೆಗೆ ಹೋಗಿ, ಬಿಸಿಲೇರುವ ಮೊದಲು ಮರಳುತ್ತಿದ್ದರು. ಅಂದು ಮಾತ್ರ ಬಾಲ್ಕನಿಯಲ್ಲಿ ನಿಂತು ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದರು, ಕಾಲರಿನ ಒಳಮಗ್ಗುಲನ್ನೂ ಬಿಡದೆ.

ಹೊಸೂರಿನ ಸೈಕಲ್ ಕಾರ್ಖಾನೆಯೊಂದಕ್ಕೆ ಸಲಹೆಗಾರರಾಗಿ ಬಂದವರು ಅವರು. ಅದಕ್ಕೂ ಮೊದಲು ಯೂರೋಪಿನ ರಸ್ತೆಗಳಲ್ಲಿ ಸಂಬಳಕ್ಕೆ ಸೈಕಲ್ ರೇಸ್ ಓಡಿದವರು. ಗೆಲ್ಲುವುದು ಅವರ ಕೆಲಸವಾಗಿರಲಿಲ್ಲ. ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಬಂದು ಕ್ಯಾಪ್ಟನ್ನಿಗೆ ಕೊಡುವುದು, ಎದುರುಗಾಳಿಗೆ ತಾವು ಮೈಯೊಡ್ಡಿ ಅವನನ್ನು ಹಿಂದೆ ಇರಿಸಿಕೊಳ್ಳುವುದು, ಅವನ ಚಕ್ರ ಪಂಕ್ಚರ್ ಆದರೆ ತಮ್ಮದನ್ನು ಬಿಚ್ಚಿಕೊಡುವುದು. ಒಮ್ಮೆ, ಒಂದೇ ಒಮ್ಮೆ, ಬೆಟ್ಟದ ರಸ್ತೆಯಲ್ಲಿ ಎಲ್ಲರಿಗಿಂತ ಮುಂದಾಗಿದ್ದರಂತೆ. ಕಿವಿಯಲ್ಲಿದ್ದ ರೇಡಿಯೋ, ‘ನಿಲ್ಲು, ಕ್ಯಾಪ್ಟನ್ ಬರಲಿ’ ಎಂದಿತು. ಒಂದು ಕಾಲು ನೆಲಕ್ಕೂರಿ ನಿಂತರು. ಆ ದಿನ ಗೆದ್ದವನು ಕ್ಯಾಪ್ಟನ್.

ಆ ದಿನದ ಫೋಟೋ ಅವರ ಬಳಿ ಇತ್ತು. ಮುಂದೆ ಕ್ಯಾಪ್ಟನ್ ಎರಡೂ ಕೈ ಎತ್ತಿ ನಗುತ್ತಿದ್ದಾನೆ. ಅವನ ಭುಜದ ಹಿಂದೆ, ಅದೇ ಬಣ್ಣದ ಅಂಗಿಯಲ್ಲಿ ಇವರು.

ನಮ್ಮ ಬಡಾವಣೆಯ ಸಂಘದ ಸೈಕಲ್ ಜಾಥಾಕ್ಕೆ ಅವರನ್ನೇ ಕರೆದು ಸನ್ಮಾನ ಮಾಡೋಣ ಎಂದದ್ದು ಸಂಘದ ಕಾರ್ಯದರ್ಶಿಯಾದ ನನ್ನ ಯಜಮಾನರು. ಫೋಟೋ ಇಸಿದುಕೊಂಡು ಹೋದವರೂ ಅವರೇ. ಇಟಲಿಯವರು ಅಂದಿನಿಂದ ಮಕ್ಕಳ ಹಾಗೆ ದಿನ ಕಾಯುತ್ತಿದ್ದರು. ಕಾಫಿ ಕುಡಿಯುತ್ತ ನನಗೆ ಹೇಳಿದ್ದರು: “ಊರಿನಲ್ಲಿ ಅಮ್ಮ ಇದ್ದಾಳೆ. ನನ್ನ ಪಟ ಎಲ್ಲಾದರೂ ಹಾಕಿದ್ದಾರಾ ಅಂತ ಈಗಲೂ ಕೇಳುತ್ತಾಳೆ. ಬ್ಯಾನರ್ ಪಕ್ಕ ನಿಲ್ಲುತ್ತೇನೆ, ನೀವೇ ಒಂದು ಫೋಟೋ ತೆಗೆದುಕೊಡಿ.”

ಆ ಭಾನುವಾರ ನಾವು ಜಾಥಾಕ್ಕೆ ಹೋದಾಗ ಮೈದಾನದ ಬಾಗಿಲಲ್ಲೇ ಫ್ಲೆಕ್ಸ್ ಕಟ್ಟಿದ್ದರು. ‘ಉಲಗ ಚಾಂಪಿಯನ್’, ವಿಶ್ವ ಚಾಂಪಿಯನ್, ಎಂದು ತಮಿಳಿನಲ್ಲಿ ಆಳೆತ್ತರದ ಅಕ್ಷರ, ಕೆಳಗೆ ಅವರ ಹೆಸರು. ಮೇಲೆ ಕೈಯೆತ್ತಿ ನಗುತ್ತಿದ್ದವನು ಕ್ಯಾಪ್ಟನ್. ಭುಜದ ಹಿಂದೆ ಇದ್ದವರನ್ನು ಅಳಿಸಿ, ಅಲ್ಲಿ ನೀಲಿ ಆಕಾಶ ತುಂಬಿದ್ದರು.

ನಾನು ಯಜಮಾನರ ತೋಳು ಹಿಡಿದೆ. “ರೀ, ಇದು ಅವರಲ್ಲ. ಅವರು ಹಿಂದೆ ಇದ್ರಲ್ಲ, ಅವರು.”

“ಹಿಂದೆ ಇದ್ದೋರಾ? ಫ್ಲೆಕ್ಸ್ ಅಂಗಡಿಯೋನು ಯಾರ್ನ ಹಾಕ್ಲಿ ಅಂದ. ಮುಂದಿರೋರ್ನ ಹಾಕು ಅಂದೆ. ಮುಂದಿರೋರೇ ತಾನೆ ಗೆದ್ದೋರು?”

“ಇವರು ಗೆದ್ದೇ ಇಲ್ಲರೀ.”

“ಮೆಲ್ಲಗ್ ಮಾತಾಡೆ! ಕೌನ್ಸಿಲರ್ ಬಂದ್ಬುಟ್ಟವ್ರೆ. ಗೆಲ್ದೇ ಇರೋರಿಗೆ ಶಾಲು ಹೊದಿಸ್ತೀವಿ ಅಂತ ಮೈಕ್‌ನಾಗೆ ಹೇಳ್ಲಾ ಈಗ?”

ಇಟಲಿಯವರು ಅಷ್ಟರಲ್ಲಿ ಫ್ಲೆಕ್ಸಿನ ಮುಂದೆ ನಿಂತಿದ್ದರು. ನನಗೆ ಕೊಡಲೆಂದು ಕೈಯಲ್ಲಿ ಹಿಡಿದಿದ್ದ ಫೋನನ್ನು ನಿಧಾನವಾಗಿ ಜೇಬಿಗೆ ಇಳಿಸಿದರು. ವೇದಿಕೆ ಹತ್ತಿದರು. ಶಾಲು ಹೊದಿಸಿಕೊಂಡರು, ಪೇಟ ತೊಡಿಸಿಕೊಂಡರು, ಹಣ್ಣಿನ ಬುಟ್ಟಿ ಹಿಡಿದರು. ಫೋಟೋಗೆ ನಿಲ್ಲುವಾಗ ತಾವಾಗಿಯೇ ಸರಿದು ಕೌನ್ಸಿಲರ್ ಭುಜದ ಹಿಂದೆ ನಿಂತುಬಿಟ್ಟರು. ಫೋಟೋದವನು, “ಸಾರ್, ಮುನ್ನಾಡಿ ವಾಂಗ, ಮುಂದೆ ಬನ್ನಿ ಸಾರ್” ಎಂದು ಕೂಗುತ್ತಲೇ ಇದ್ದ. ಅವರು ತಲೆಯಾಡಿಸಿ ಅಲ್ಲೇ ನಿಂತರು.

ಮನೆಗೆ ಬಂದ ಮೇಲೆ, ಫ್ಲೆಕ್ಸ್ ಬದಲಾಯಿಸಿ ಹೊಸದು ಹಾಕಿಸಿ ಎಂದು ಯಜಮಾನರಿಗೆ ಹೇಳಿದೆ. “ಫಂಕ್ಷನ್ನೇ ಮುಗ್ದೋಯ್ತಲ್ಲೇ” ಎಂದು ಟಿವಿ ಹಾಕಿಕೊಂಡರು. ಅವರ ದೃಷ್ಟಿಯಲ್ಲಿ ಎಲ್ಲ ಚೆನ್ನಾಗಿಯೇ ಆಗಿತ್ತು. ವಾಟ್ಸಾಪಿನಲ್ಲಿ ಅಭಿನಂದನೆಗಳೂ ಬರುತ್ತಿದ್ದವು.

ಮೇಲೆ ಊಟ ಕೊಡಲು ಹೋದೆ. ಇಸ್ತ್ರಿ ಮಾಡಿದ ಅಂಗಿಯನ್ನು ಕಳಚದೆ ಕುರ್ಚಿಯಲ್ಲಿ ಕುಳಿತಿದ್ದರು. ಕ್ಷಮೆ ಕೇಳಲು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದ ಇಂಗ್ಲಿಷಿನಲ್ಲಿ ಎಷ್ಟೊಂದು ಮಾತುಗಳಿದ್ದವು. ತಟ್ಟೆಯನ್ನು ಮೇಜಿನ ಮೇಲಿಟ್ಟೆ.

“ಇಲ್ಲಿಗೂ ನನಗಿಂತ ಮೊದಲೇ ಬಂದುಬಿಟ್ಟಿದ್ದಾನೆ, ನೋಡಿ” ಎಂದರು.

“ಬೇರೆ ಫೋಟೋ ತೆಗೆಯೋಣ. ಅಮ್ಮನಿಗೆ ಕಳಿಸಿ, ಶಾಲು ಹೊದ್ದುಕೊಂಡು.”

“ಪಟ ಎಲ್ಲಿ ಅನ್ನುತ್ತಾಳೆ. ಅದನ್ನು ತೋರಿಸಿದರೆ ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು.”

ತಟ್ಟೆಯ ಮುಚ್ಚಳ ಸರಿಪಡಿಸಿ ಇಳಿದು ಬಂದೆ.

ಸಂಜೆ ಕಾಂಪೌಂಡಿನ ಬಳಿ ಕನಕಾಂಬರ ಬಿಡಿಸುತ್ತಿದ್ದಾಗ ಪಕ್ಕದ ಮನೆಯ ಹಿರಿಯಾಕೆ ಮೈದಾನದ ಕಡೆಯಿಂದ ನಡೆದು ಬಂದರು. ಗೋಡೆಗೆ ಕೈಯೂರಿ ನಿಂತು, ನಮ್ಮ ಮೇಲ್ಮನೆಯ ಕಿಟಕಿಯತ್ತ ಕಣ್ಣು ಹಾಯಿಸಿದರು.

“ಆ ಪಟದಾಗೆ ನೋಡ್ದೆ ಕಣಮ್ಮ, ವಯಸ್ನಾಗೆ ಎಷ್ಟು ಚೆಂದಾಗಿದ್ರು ನಿಮ್ ಬಾಡಿಗೆಯೋರು! ಸೈಕಲ್ ತುಳ್ದೂ ತುಳ್ದೂ ಮುಖಾನೇ ಬೇರೆ ಆಗೋಗ್ಬುಟ್ಟೈತೆ, ಪಾಪ.”