ಬೇಡ ಎನ್ನಲಾರದ ಓಟಗಾರ

ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರ್ ದಿನಾ ಬೆಳಗ್ಗೆ ಒಬ್ಬರೇ ಓಡುತ್ತಿದ್ದರು. ಒಂದು ದಿನ ಹರಿಹರದವರೆಗೂ ಓಡಿಯೇ ಮುಟ್ಟಬೇಕೆಂಬುದು ಅವರ ಹಟ. ಆದರೆ ನಮ್ಮೂರಲ್ಲಿ ಯಾರಾದರೂ ಓಡುತ್ತಿದ್ದರೆ ಬಸ್ಸು ತಪ್ಪಿದೆ ಎಂದೇ ಲೆಕ್ಕ. ಬೈಕಿನವರೆಲ್ಲ ಬ್ರೇಕ್ ಹಾಕಿ, "ಹತ್ರಿ, ಬಿಡ್ತೀನಿ" ಎನ್ನುತ್ತಿದ್ದರು. ಇವರು ಕೊರಳಿನ ಟವೆಲಿನಿಂದ ಬೆವರು ಒರೆಸಿಕೊಂಡು ಹತ್ತಿಯೇ ಬಿಡುತ್ತಿದ್ದರು.

ಒಮ್ಮೆ ನಾನೇ ಸ್ಕೂಟರಿನಲ್ಲಿ ಪಿ.ಜೆ. ಬಡಾವಣೆಯವರೆಗೆ ಬಿಟ್ಟೆ. ಇಳಿದವರು ಕೈಮುಗಿದು, ಬಂದ ದಾರಿಯಲ್ಲೇ ವಾಪಸ್ ಓಡತೊಡಗಿದರು. ಸ್ಕೂಟರ್ ತಿರುಗಿಸಿ, ಅವರನ್ನು ಹಿಡಿದು, ಯಾಕೆಂದು ಕೇಳಿದೆ.

"ಹತ್ತಿದ ಜಾಗದಿಂದ ಮತ್ತೆ ಓಡ್ಬೇಕಲ್ರಿ. ಇಲ್ಲಾಂದ್ರೆ ಮೋಸ ಆಗ್ತೈತೆ."

"ಮೊದ್ಲೇ ಬ್ಯಾಡ ಅನ್ಬಾರ್ದೇನ್ರಿ?"

"ಪಾಪ, ಬೇಜಾರ್ ಮಾಡ್ಕೊಂತಾರ್ರಿ!"

ಯಾವಾಗ ಕೇಳಿದರೂ ಇದೇ ಮಾತು. ದಾಕ್ಷಿಣ್ಯಕ್ಕೆ ಹತ್ತಿ, ಮತ್ತೆ ವಾಪಸ್ ಓಡಿ ಓಡಿಯೇ ಅಂಗಡಿ ತೆರೆಯುವ ಹೊತ್ತಾಗುತ್ತಿತ್ತು. ಹರಿಹರ ಮಾತ್ರ ಸಿಗುತ್ತಿರಲಿಲ್ಲ.

ಕೊನೆಗೊಂದು ದಿನ ಕರುಣೆ ಬಂದು, ಕಂಡರೂ ಕಾಣದವನಂತೆ ಅವರನ್ನು ದಾಟಿಕೊಂಡು ಹೋದೆ. ಸಂಜೆ ಅವರು ನಮ್ಮ ಬಾಗಿಲಿಗೆ ಬಂದು ನಿಂತರು. ಮುಖ ಸಣ್ಣಗಾಗಿತ್ತು.

"ಯಾಕ್ರಿ, ನನ್ ಮ್ಯಾಲೆ ಏನಾರ ಸಿಟ್ಟೈತೇನ್ರಿ?"